ಮುಟ್ಟಬೇಡಿ ಎಂದು ಬರೆದ ಸೀಸೆ

ಫೆಬ್ರವರಿ ೩

ಪ್ರಿಯ ಜರಡಿ,

ನಿನ್ನ ಪೂರ್ತಿ ಹೆಸರು ಬರೆದು ಎರಡು ಹಾಳೆ ಹರಿದು ಹಾಕಿದೆ. ನೋಟಿಸು ಕೊಟ್ಟ ಹಾಗೆ ಕಾಣುತ್ತಿತ್ತು. ಆದ್ದರಿಂದ ಹಳೆಯ ಹೆಸರೇ ಇರಲಿ. ಬಾಯಲ್ಲಿ ಒಂದು ಗುಟ್ಟೂ ನಿಲ್ಲುವುದಿಲ್ಲ ಎಂದು ನಾನೇ ನಿನಗೆ ಇಟ್ಟದ್ದು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಾಳೆ ಎಂದು ನೀನು ನನಗೆ ಕಡ್ಡಿ ಎಂದಿಟ್ಟೆ. ಹನ್ನೊಂದು ವರ್ಷದಿಂದ ನನ್ನನ್ನು ಯಾರೂ ಹಾಗೆ ಕರೆದಿಲ್ಲ.

ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಆರು ವರ್ಷ ಒಂದೇ ಮೇಜು ಹಂಚಿಕೊಂಡ ಲ್ಯಾಬು, ಕಿಟಕಿ ಮುಚ್ಚಬೇಕಾದರೆ ಮೊಣಕೈಯಿಂದ ಗುದ್ದಬೇಕಿದ್ದ ಆ ಮೂರನೇ ಮಹಡಿಯ ಕೋಣೆ, ಈ ತಿಂಗಳು ಖಾಲಿಯಾಗುತ್ತಿದೆ. ಕಟ್ಟಡ ಕೆಡವುತ್ತಾರೆ. ಉಗ್ರಾಣದ ಯಜಮಾನರು ನಿನಗೆ ನೆನಪಿರಬೇಕು, ಮುರಿದ ಥರ್ಮಾಮೀಟರನ್ನೂ ಎಸೆಯದೆ ಎತ್ತಿಡುವವರು. ಅವರು ಕೊನೆಯ ಕಪಾಟು ಬರಿದು ಮಾಡುವಾಗ ಹಿಂದಿನ ಸಾಲಿನಿಂದ ಒಂದು ಕಂದು ಸೀಸೆ ತೆಗೆದು, ‘ಇದು ಅವರದ್ದೇ ಅಕ್ಷರ ಅಲ್ವಾ?’ ಎಂದು ನನ್ನ ಕೈಗಿಟ್ಟರು. ಲೇಬಲ್ಲಿನ ಅರ್ಧ ಹೆಸರು ಅಳಿಸಿಹೋಗಿದೆ. ಅದರ ಕೆಳಗೆ ಬರಿಗಾಜಿಗೆ ಬಿಳಿ ಪಟ್ಟಿ ಅಂಟಿಸಿ ನಿನ್ನ ಗುಂಡು ಅಕ್ಷರದಲ್ಲಿ ‘ಮುಟ್ಟಬೇಡಿ’ ಎಂದು ಬರೆದಿದೆ. ತಳದಲ್ಲಿ ಬೆರಳಗಲದಷ್ಟು ದ್ರವ ಉಳಿದಿದೆ.

ನನ್ನ ಪ್ರಶ್ನೆ ಒಂದೇ. ಕೊನೆಯ ವರ್ಷ ನೀನು ನೀರು ಹಾಯಿಸುವ ಆ ಕೊಳವೆಯ ಅಣು ತಯಾರಿಸಿದ್ದು ಈ ಸೀಸೆಯಿಂದಲೇ, ಅಥವಾ ನಾವೆಲ್ಲ ಬಳಸುತ್ತಿದ್ದ ಹೊಸ ಸೀಸೆಯಿಂದಲೇ?

ನೀನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೀ ಎಂದು ಯಜಮಾನರೇ ಹೇಳಿದರು. ಫೋನ್ ಮಾಡಲು ಧೈರ್ಯ ಬರಲಿಲ್ಲ.

ಇಂತಿ,
ಕಡ್ಡಿ

*

ಫೆಬ್ರವರಿ ೨೧

ಮಾನ್ಯರೆ,

ತಮ್ಮ ಪತ್ರ ತಲುಪಿತು. ಹನ್ನೊಂದು ವರ್ಷದ ಹಿಂದೆ ಯಾವ ಸೀಸೆಯಿಂದ ಏನು ಸುರಿದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಕೆಲಸ ಈಗ ನನ್ನದಲ್ಲ. ನಾನು ಇಲ್ಲಿ ಡಯಾಲಿಸಿಸ್ ವಿಭಾಗದ ನೀರಿನ ಕೋಣೆ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನದವರೆಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ.

ಸೀಸೆ ಹಳೆಯದಾಗಿದ್ದರೆ ಎಸೆದುಬಿಡಿ. ನನ್ನನ್ನು ಎಸೆಯುವಾಗ ಇಷ್ಟು ಯೋಚನೆ ಮಾಡಿರಲಿಲ್ಲವಲ್ಲ.

ಆಸ್ಪತ್ರೆಯ ವಿಳಾಸಕ್ಕೆ ಇನ್ನು ಬರೆಯಬೇಡಿ. ಇಲ್ಲಿ ಬರುವ ಕಾಗದವನ್ನೆಲ್ಲ ಮೊದಲು ಹಿರಿಯ ನರ್ಸ್ ಒಡೆಯುತ್ತಾರೆ, ಆಮೇಲೆ ‘ಜರಡಿ ಅಂದ್ರೆ ನೀವೇನಾ?’ ಎಂದು ಎಲ್ಲರ ಮುಂದೆ ಕೇಳುತ್ತಾರೆ. ಬರೆಯಲೇಬೇಕೆಂದಿದ್ದರೆ ಮನೆಯ ವಿಳಾಸ ಲಕೋಟೆಯ ಹಿಂದಿದೆ.

ತಮ್ಮ,
ನೀರಿನ ಕೋಣೆಯ ತಂತ್ರಜ್ಞೆ

*

ಮಾರ್ಚ್ ೯

ಪ್ರಿಯ ಜರಡಿ,

ಮನೆಯ ವಿಳಾಸಕ್ಕೆ ವಂದನೆ.

ಹೋದ ಸಲ ನಾನು ಪೂರ್ತಿ ವಿಷಯ ಹೇಳಲಿಲ್ಲ. ಹೇಳದೆ ಬರೀ ಉತ್ತರ ಕೀಳಲು ನೋಡಿದೆ. ಅದು ತಪ್ಪು. ಈಗ ಹೇಳುತ್ತೇನೆ.

ಸೀಸೆಯನ್ನು ನಾನು ಎಸೆಯಲಿಲ್ಲ. ಎರಡು ಹನಿ ತೆಗೆದು ಬೆಳಕಿನ ಯಂತ್ರದಲ್ಲಿಟ್ಟು ನೋಡಿದೆ. ಹೊಸ ಸೀಸೆಯದ್ದು ಬೆಳಕನ್ನು ನೇರವಾಗಿ ಬಿಡುತ್ತದೆ. ನಿನ್ನ ಸೀಸೆಯದ್ದು ಬೆಳಕನ್ನು ಒಂದು ಪಕ್ಕಕ್ಕೆ ತಿರುಗಿಸಿತು. ನಿನಗೆ ನಾನು ಪಾಠ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೇ ನಂಬಿಕೆ ಬರುತ್ತದೆ. ಎಡಗೈ ಬಲಗೈ ಇರುವಂತೆ ಆ ದ್ರವದ ಅಣುವಿಗೂ ಎಡ ರೂಪ, ಬಲ ರೂಪ ಇವೆ. ಹೊಸ ಸೀಸೆಯಲ್ಲಿ ಎರಡೂ ಅರ್ಧರ್ಧ ಬೆರೆತಿದ್ದವು. ನಿನ್ನದರಲ್ಲಿ ಇರುವುದು ಎಡ ಮಾತ್ರ.

ಉಳಿದದ್ದರಲ್ಲಿ ಸ್ವಲ್ಪ ತೆಗೆದು ಒಂದು ಚಿಟಿಕೆ ಅಣು ತಯಾರಿಸಿದೆ. ಮೂರು ವಾರ ಹಿಡಿಯಿತು. ಕೊಬ್ಬಿನ ಗುಳ್ಳೆಗಳ ಗೋಡೆಯಲ್ಲಿ ಅದನ್ನು ಕೂರಿಸಿ, ಸಕ್ಕರೆ ನೀರಿಗೆ ತಟ್ಟನೆ ಬೆರೆಸಿದೆ. ಗುಳ್ಳೆಯೊಳಗಿನ ನೀರು ಹೊರಗೆ ಓಡಿದಷ್ಟು ಬೇಗ ಗುಳ್ಳೆ ಕುಗ್ಗುತ್ತದೆ, ಪರದೆಯ ಮೇಲಿನ ಗೆರೆ ಮೇಲೇರುತ್ತದೆ ಎಂದು ನಿನಗೆ ಗೊತ್ತು. ಹನ್ನೊಂದು ವರ್ಷದಲ್ಲಿ ನನ್ನ ಗೆರೆ ಯಾವತ್ತೂ ಸೋಮಾರಿ ಎತ್ತಿನ ಹಾಗೆ ಏಳುತ್ತಿತ್ತು. ಮೊನ್ನೆ ಅದು ನೆಟ್ಟಗೆ ನಿಂತಿತು, ಜರಡಿ. ಹಳೆಯದರ ನಾಲ್ಕು ಪಟ್ಟು. ಅವತ್ತು ನೀನು ಹೇಳಿದ್ದೂ ನಾಲ್ಕು ಪಟ್ಟು.

ಎಲ್ಲ ಅಣುಗಳೂ ಒಂದೇ ಕೈಯವಾದರೆ ಒಂದರ ಮೇಲೊಂದು ಒತ್ತಾಗಿ ಕೂತು ಸರಿಯಾದ ಕೊಳವೆಯಾಗುತ್ತವೆ. ಉಪ್ಪು ಹೊರಗೇ ಉಳಿಯುತ್ತದೆ, ನೀರು ಸಾಲಾಗಿ ಹಾದುಹೋಗುತ್ತದೆ. ಬೆರೆತಿದ್ದರೆ ನಡುವೆ ಸಂದು ಬಿಟ್ಟು ಕೊಳವೆ ಸೊಟ್ಟಗಾಗುತ್ತದೆ. ಇಷ್ಟೇ. ಈಗ ಲ್ಯಾಬಿನ ಮುಖ್ಯಸ್ಥೆ ನಾನು. ಇಷ್ಟನ್ನು ಕಂಡುಕೊಳ್ಳಲು ಕಟ್ಟಡ ಕೆಡವಬೇಕಾಯಿತು.

ಆದರೆ ನಾನು ಈಗ ಅಳೆದದ್ದು ಈಗಿನ ಮಾತು. ಅವತ್ತಿನ ನಿನ್ನ ಅಂಕಿ ನಿಜವೆಂದು ಬರಹದಲ್ಲಿ ಹೇಳಬೇಕಾದರೆ, ನೀನು ಬಳಸಿದ್ದು ಈ ಸೀಸೆಯನ್ನೇ ಎಂದು ಗೊತ್ತಾಗಬೇಕು. ನಿನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿಲ್ಲ. ಪುಟ ಪುಟ ತಿರುವಿ ಹಾಕಿದ್ದೇನೆ.

ನಿನ್ನ ಉತ್ತರಕ್ಕೆ ಕಾಯುತ್ತೇನೆ.
ಕಡ್ಡಿ

*

ಮಾರ್ಚ್ ೨೮

ಕಡ್ಡಿ,

ನಿನ್ನ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಣ್ಣ ಬಂದು, ‘ಏನೇ, ಬಿದ್ಯಾ?’ ಎಂದ. ಇಲ್ಲ, ಎದ್ದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಸಂತೋಷಪಡಬೇಕೆಂದು ನೋಡಿದೆ, ಆಗಲಿಲ್ಲ. ಮೊದಲು ಬಂದದ್ದು ಸಿಟ್ಟು. ಆ ಸಿಟ್ಟನ್ನು ನಿನಗೆ ಕೊಟ್ಟೇ ತೀರುತ್ತೇನೆ, ಓದು.

ಅವತ್ತು ನಮ್ಮ ಪ್ರೊಫೆಸರ್ ನನ್ನನ್ನು ಕರೆದು, ‘ನಿಮ್ಮ ಅಂಕಿಗಳನ್ನ ನಿಮ್ಮ ಗೆಳತಿಯೇ ನಂಬ್ತಿಲ್ಲವಲ್ಲ’ ಎಂದರು. ನಾನು ಕಾರಿಡಾರಿಗೆ ಬಂದೆ. ನೀನು ಅಲ್ಲೇ ನೀರಿನ ಯಂತ್ರದ ಹತ್ತಿರ ಲೋಟ ಹಿಡಿದು ನಿಂತಿದ್ದೆ. ‘ಏನಂತ ಹೇಳಿದೆ?’ ಎಂದು ನಾನು ಕೇಳಿದೆ. ನೀನು ಲೋಟ ತುಂಬುವುದನ್ನೇ ನೋಡುತ್ತಾ ನಿಂತೆ. ತುಂಬಿ ಚೆಲ್ಲಿತು. ಆಗಲೂ ನನ್ನ ಮುಖ ನೋಡಲಿಲ್ಲ. ನನ್ನ ಬೆನ್ನಿಗೆ ಚುಚ್ಚಿದವರು ಯಾರೆಂದು ನನಗೆ ಗೊತ್ತಾದದ್ದು ಆ ಲೋಟದಿಂದ.

ಆಮೇಲೆ ಕೆಲಸ ಹೋಗಿ ಎರಡು ವರ್ಷ ಮನೆಯಲ್ಲಿದ್ದೆ. ಅರ್ಜಿ ಹಾಕಿದಲ್ಲೆಲ್ಲ ‘ಹಿಂದಿನ ಸಂಸ್ಥೆಯಿಂದ ಒಂದು ಮಾತು ಬರಲಿ’ ಎನ್ನುತ್ತಿದ್ದರು. ಬಂದ ಮಾತು ಏನಿರುತ್ತಿತ್ತೋ, ನನ್ನನ್ನು ಮತ್ತೆ ಕರೆಯುತ್ತಿರಲಿಲ್ಲ. ಅಷ್ಟರಲ್ಲಿ ಅಣ್ಣನ ಮೂತ್ರಪಿಂಡ ಎರಡೂ ಕೈಕೊಟ್ಟವು. ವಾರಕ್ಕೆ ಮೂರು ದಿನ ಅವನನ್ನು ಕರೆದುಕೊಂಡು ಹೋಗಿ ನಾಲ್ಕು ಗಂಟೆ ಪಕ್ಕದಲ್ಲಿ ಕೂರುವುದು ನನ್ನ ಪಾಲಿಗೆ ಬಂತು, ಮನೆಯಲ್ಲಿ ಕೆಲಸವಿಲ್ಲದವಳು ನಾನೊಬ್ಬಳೇ ಅಲ್ಲವೇ. ಕೂತಲ್ಲಿ ಸುಮ್ಮನಿರಲಾರದೆ ಯಂತ್ರದ ಹಿಂದಿನ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ತೋರಿಸಿದರು. ಹಾಗೆ ನೀರಿನ ಕೋಣೆಗೆ ಹೊಕ್ಕವಳು ಒಂಬತ್ತು ವರ್ಷವಾದರೂ ಹೊರಗೆ ಬಂದಿಲ್ಲ.

ಅದೇನು ಕೆಲಸ ಗೊತ್ತೇ? ಒಬ್ಬ ರೋಗಿಯ ರಕ್ತ ತೊಳೆಯಲು ಒಂದು ಸಲಕ್ಕೆ ನೂರಿಪ್ಪತ್ತು ಲೀಟರು ನೀರು. ರಕ್ತಕ್ಕೂ ನೀರಿಗೂ ನಡುವೆ ಕೂದಲಿಗಿಂತ ತೆಳುವಾದ ಪೊರೆ. ಊರಿನ ನಲ್ಲಿಗೆ ಹಾಕುವ ಔಷಧ ಒಂದು ಚೂರು ನುಸುಳಿದರೂ ರಕ್ತದ ಕಣಗಳು ಒಡೆದುಹೋಗುತ್ತವೆ. ಮೊದಲ ರೋಗಿ ಬರುವ ಮುಂಚೆ ಒಮ್ಮೆ, ನಡುವೆ ಮತ್ತೊಮ್ಮೆ ನಾನು ಪರೀಕ್ಷೆ ಮಾಡಿ ಸಹಿ ಹಾಕಬೇಕು. ನಾಲ್ಕು ವರ್ಷದ ಹಿಂದೆ ಒಂದು ದಿನ ನಡುವಿನ ಪರೀಕ್ಷೆಯಲ್ಲಿ ನನ್ನ ಪಟ್ಟಿ ನಸುಗೆಂಪಾಯಿತು, ಅಂದರೆ ನೀರಿನಲ್ಲಿ ಆ ಔಷಧ ಉಳಿದಿತ್ತು. ಒಂಬತ್ತು ಜನ ಕುರ್ಚಿಯಲ್ಲಿ ಕೂತಾಗಿತ್ತು, ಅದರಲ್ಲಿ ನನ್ನ ಅಣ್ಣನೂ ಒಬ್ಬ. ಓಡಿಹೋಗಿ ಡಾಕ್ಟರಿಗೆ ಹೇಳಿದೆ.

‘ಖಚಿತಾನಾ?’

‘ಎರಡು ಸಲ ನೋಡಿದೆ.’

‘ಸರಿ, ಎಲ್ಲಾ ನಿಲ್ಸಿ.’

ಅಷ್ಟೇ, ಕಡ್ಡಿ. ಒಬ್ಬರೂ ನನ್ನನ್ನು ಅಂಕಿ ತಿದ್ದಿದ್ದೀಯಾ ಎಂದು ಕೇಳಲಿಲ್ಲ. ಔಷಧ ಹೀರಬೇಕಾದ ತೊಟ್ಟಿಯ ಇದ್ದಿಲು ಸತ್ತುಹೋಗಿತ್ತೆಂದು ಸಂಜೆ ಗೊತ್ತಾಯಿತು. ನಾನು ಪೈಪುಗಳ ಮಧ್ಯೆ ನಿಂತು ಚೆನ್ನಾಗಿ ಅತ್ತೆ. ಒಂಬತ್ತು ಜನ ಉಳಿದರು ಎಂದಲ್ಲ, ನಾನು ಹೇಳಿದ್ದನ್ನು ಒಬ್ಬರು ನಂಬಿದರು ಎಂದು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಜರಡಿಯಲ್ಲೂ ಕೆಲವು ನಿಲ್ಲುತ್ತವೆ.

ಸೀಸೆಯ ವಿಷಯ: ನೆನಪಿದೆ. ಹೇಳುವುದಿಲ್ಲ.

ಜರಡಿ

*

ಏಪ್ರಿಲ್ ೧೦

ಪ್ರಿಯ ಜರಡಿ,

ಹೇಳಬೇಡ. ನಾನು ಹೇಳುತ್ತೇನೆ.

ಆ ದಿನ ಪ್ರೊಫೆಸರರ ಕೋಣೆಯಲ್ಲಿ ನಡೆದದ್ದು ಇಷ್ಟು. ನಿನ್ನ ಪ್ರಯೋಗವನ್ನು ನಾನು ಮೂರು ಸಲ ಮಾಡಿದ್ದೆ. ಮೂರು ಸಲವೂ ಗೆರೆ ಏಳಲಿಲ್ಲ. ಅದು ನಿಜ. ಅವರು ಕೇಳಿದರು, ‘ಹಾಗಾದ್ರೆ ಅವಳಿಗೆ ಬಂದದ್ದು ಹೇಗೆ?’ ನನಗೆ ಗೊತ್ತಿರಲಿಲ್ಲ. ‘ತಿದ್ದಿರಬಹುದಾ?’ ಎಂದರು. ನಾನು ಹೂಂ ಎಂದೆ. ‘ಬರೆದು ಕೊಡ್ತೀಯಾ?’ ಎಂದರು. ಬರೆದು ಕೊಟ್ಟೆ. ನಾಲ್ಕು ಸಾಲು. ಅದರಲ್ಲಿ ‘ಇರಬಹುದು’ ಎಂಬ ಪದ ಕೂಡ ಇರಲಿಲ್ಲ.

ಆ ವಾರ ಇನ್ನೊಂದು ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ನಮ್ಮಿಬ್ಬರ ಹುದ್ದೆಯಲ್ಲಿ ಒಂದೇ ಮುಂದುವರಿಯುತ್ತದೆ ಎಂದು. ಅದಕ್ಕಾಗಿಯೇ ಹಾಗೆ ಬರೆದೆನೇ? ನನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಕೆಲವು ದಿನ ಇಲ್ಲ ಎನ್ನಿಸುತ್ತದೆ. ಹೆಚ್ಚಿನ ದಿನ ಹೌದು. ನಾನು ಸುಳ್ಳು ಹೇಳಲಿಲ್ಲ, ಗೊತ್ತಿಲ್ಲ ಎನ್ನಬೇಕಾದ ಕಡೆ ಗೊತ್ತು ಎಂದೆ. ಅಷ್ಟು ಸಾಕಾಯಿತು. ನೀನು ಬಂದು ಕೇಳಿದಾಗ ಲೋಟದಿಂದ ಕಣ್ಣೆತ್ತಿದ್ದರೆ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಆ ಹೆದರಿಕೆಗೇ ಎತ್ತಲಿಲ್ಲ.

ಮೇ ಹದಿನಾಲ್ಕಕ್ಕೆ ಸಂಸ್ಥೆಯ ಸಭೆ ಇದೆ. ನನ್ನ ಹಳೆಯ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಡುತ್ತಿದ್ದೇನೆ, ನೀನು ಉತ್ತರ ಕೊಟ್ಟರೂ ಕೊಡದಿದ್ದರೂ. ಅವರು ನನ್ನ ಸ್ಥಾನದ ಬಗ್ಗೆ ಏನು ಮಾಡುತ್ತಾರೋ ಮಾಡಲಿ. ಸೀಸೆಯ ಮಾತಿಲ್ಲದಿದ್ದರೆ ನನ್ನ ಪತ್ರಕ್ಕೆ ಬಲ ಕಮ್ಮಿ, ನಿಜ. ‘ಈಗ ಗೆಳತಿಯ ಮೇಲೆ ಕನಿಕರ ಬಂದಿದೆ’ ಎಂದಾರು. ಅನ್ನಲಿ.

ಇಷ್ಟು ಬರೆಯಲು ಹನ್ನೊಂದು ವರ್ಷ ಮತ್ತು ಒಂದು ಭಾನುವಾರ ಹಿಡಿಯಿತು.

ನಿನ್ನ,
ಕಡ್ಡಿ

*

ಏಪ್ರಿಲ್ ೨೫

ಕಡ್ಡಿ,

ಅಣ್ಣ ನನಗಿಂತ ಮೊದಲು ನಿನ್ನ ಕಾಗದ ಓದಿದ. ನಮ್ಮ ಮನೆಯಲ್ಲೂ ಒಬ್ಬ ಹಿರಿಯ ನರ್ಸ್ ಇದ್ದಾನೆ ಎಂದುಕೋ. ಓದಿ ಮಡಚಿ, ‘ಇವಳು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೋತಿದ್ದಾಳೆ. ನೀನು ಕಲ್ಲು ಹಿಡ್ಕೊಂಡು ನಿಂತಿರೋದು ಯಾಕೆ?’ ಎಂದ. ನಾನು ಯಾವ ಕಲ್ಲು ಎಂದೆ. ‘ಸೀಸೆ’ ಎಂದ.

ಸರಿ, ಕೇಳು.

ಹೌದು, ಅದೇ ಸೀಸೆ. ನಾಲ್ಕು ಸಲವೂ ಅದರಿಂದಲೇ ತೆಗೆದೆ. ಅದು ನಮಗಿಂತ ಮುಂಚೆ ಆ ಮೇಜಿನಲ್ಲಿದ್ದವರು ಬಿಟ್ಟುಹೋದದ್ದು. ಹೊಸ ಸೀಸೆ ಬಂದಾಗ ಹಳೆಯದರಲ್ಲಿ ಸ್ವಲ್ಪವೇ ಉಳಿದಿತ್ತು. ನಿನ್ನ ಕೈ ದೊಡ್ಡದು, ಒಂದು ಚಮಚ ಬೇಕಾದಲ್ಲಿ ಮೂರು ಸುರಿಯುತ್ತಿದ್ದೆ. ಹೊಸದು ಬಂದಿದೆಯಲ್ಲ, ಅದನ್ನೇ ಸುರಿದುಕೊಳ್ಳಲಿ ಎಂದು ಹಳೆಯದನ್ನು ಕಪಾಟಿನ ಹಿಂದಕ್ಕೆ ತಳ್ಳಿದೆ. ‘ಮುಟ್ಟಬೇಡಿ’ ಎಂದು ಬರೆದದ್ದು ಲೋಕಕ್ಕಲ್ಲ, ನಿನಗೆ. ಬಹುವಚನ ಬರೀ ಮರ್ಯಾದೆಗೆ.

ಇನ್ನೂ ಇದೆ. ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡು. ಅದರ ಅಡಿಯಲ್ಲಿ ಗಾಜಿನ ಮೇಲೆ ನಾಲ್ಕು ಗೀರು ಇರಬೇಕು. ಪ್ರತಿ ಸಲ ತೆಗೆದ ಮೇಲೆ ಪಟ್ಟಿ ಎತ್ತಿ, ದ್ರವ ಎಲ್ಲಿಗೆ ನಿಂತಿತೋ ಅಲ್ಲಿ ಗೀರುತ್ತಿದ್ದೆ, ನೀನು ಕದ್ದು ಬಳಸಿದರೆ ಹಿಡಿಯೋಣವೆಂದು. ಎಂಥಾ ಗೆಳತಿ ನಾನು, ನೋಡು.

ಆಗ ಎರಡೂ ಒಂದೇ ದ್ರವವೆಂದೇ ತಿಳಿದಿದ್ದೆ, ದೇವರಾಣೆ. ಒಂದು ವರ್ಷವಾದ ಮೇಲೆ ಅಣ್ಣನ ಕುರ್ಚಿಯ ಪಕ್ಕದಲ್ಲಿ ಒಬ್ಬ ನರ್ಸ್ ಕೈಗವಸಿನ ಪೊಟ್ಟಣ ಒಡೆದು, ‘ಅಯ್ಯೋ, ಎರಡೂ ಎಡಗೈದೇ ಬಂದಿದೆ!’ ಎಂದು ನಕ್ಕಳು. ಎಡ, ಬಲ! ಆ ಕ್ಷಣದಲ್ಲೇ ನನಗೆ ಅನುಮಾನ ಬಂತು. ಅವತ್ತೇ ನಿನಗೆ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಬರೆದರೆ ಸೀಸೆ ಬಚ್ಚಿಟ್ಟದ್ದನ್ನೂ ಬರೆಯಬೇಕಿತ್ತು. ನೀನು ಪೂರ್ತಿ ಕೆಟ್ಟವಳಾಗಿ, ನಾನು ಪೂರ್ತಿ ಒಳ್ಳೆಯವಳಾಗಿ ಇದ್ದ ಕಥೆಯಲ್ಲಿ ನಾನು ಆರಾಮಾಗಿದ್ದೆ. ಸಣ್ಣತನ ಮಾಡಿ ಮೂಲೆಗೆ ಸೀಸೆ ತಳ್ಳಿದವಳಾಗಿ ಆ ಕಥೆಯಲ್ಲಿ ನನಗೆ ಜಾಗವಿರಲಿಲ್ಲ.

ನೀನು ಬರೆದ ನಾಲ್ಕು ಸಾಲಿನ ಭಾರ ನಿನ್ನದೇ, ಅದನ್ನು ನಾನು ಹೊರುವುದಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಹತ್ತು ವರ್ಷ ನನ್ನವೂ ಹೌದು.

ಇದನ್ನೆಲ್ಲ ಸಭೆಗೆ ತೋರಿಸಬಹುದು. ‘ಕೈ ದೊಡ್ಡದು’ ಎಂಬುದನ್ನು ಬೇಕಾದರೆ ಮುಚ್ಚಿಟ್ಟುಕೋ.

ಜರಡಿ

*

ಮೇ ೧೯

ಪ್ರಿಯ ಜರಡಿ,

ಎಲ್ಲವೂ ಸರಿಹೋಯಿತು. ಮೊದಲು ಇದನ್ನು ಓದು, ಉಸಿರು ಬಿಡು, ಆಮೇಲೆ ಮಿಕ್ಕದ್ದು.

ಪಟ್ಟಿಯನ್ನು ಬಿಸಿ ಹಬೆ ಹಿಡಿದು ಬಿಡಿಸಿದೆವು. ನಾಲ್ಕು ಗೀರು. ಎರಡು ಗೀರುಗಳ ನಡುವಿನ ಅಳತೆಯನ್ನು ನಿನ್ನ ನೋಟ್‌ಬುಕ್ಕಿನ ತೂಕಗಳಿಗೆ ಹೊಂದಿಸಿ ನೋಡಿದೆ, ಹನಿಯಷ್ಟೂ ವ್ಯತ್ಯಾಸವಿಲ್ಲ. ಉಗ್ರಾಣದ ಯಜಮಾನರು ಸೀಸೆಯನ್ನು ಬೆಳಕಿಗೆ ಹಿಡಿದು, ‘ಅದಕ್ಕೇ ನಾನು ಏನನ್ನೂ ಎಸೆಯಲ್ಲ’ ಎಂದು ಹತ್ತು ಸಲ ಹೇಳಿದರು. ಇನ್ನು ಅವರನ್ನು ಯಾರೂ ಹಿಡಿಯಲಾಗದು.

ಬೇರೆ ಊರಿನ ಒಂದು ಲ್ಯಾಬಿಗೆ ಕೇಳಿಕೊಂಡಿದ್ದೆ. ನಮ್ಮ ಪರಿಚಯವಿಲ್ಲದವರು. ಅವರು ಎಡ ರೂಪದ್ದನ್ನೇ ಹೊಸದಾಗಿ ತರಿಸಿ, ತಾವೇ ಅಣು ತಯಾರಿಸಿ ಅಳೆದರು. ನಾಲ್ಕು ಪಟ್ಟಿಗೆ ಸ್ವಲ್ಪ ಕಮ್ಮಿ. ಉಪ್ಪು ನುಸುಳಲಿಲ್ಲ.

ಸಭೆಗೆ ಮೊದಲು ಪ್ರೊಫೆಸರರನ್ನು ನೋಡಲು ಹೋದೆ. ನಿವೃತ್ತರಾಗಿ ಐದು ವರ್ಷವಾಯಿತು. ಹಿತ್ತಿಲಲ್ಲಿ ಒಂದು ಮುರುಕು ಕುರ್ಚಿಗೆ ಅಂಟು ಹಚ್ಚುತ್ತಿದ್ದರು. ನಿನ್ನ ಪತ್ರ, ಗೀರುಗಳ ಫೋಟೋ, ಹೊಸ ಗೆರೆ ಎಲ್ಲವನ್ನೂ ಮುಂದಿಟ್ಟೆ. ಬಹಳ ಹೊತ್ತು ಓದಿದರು. ಅಂಟು ಬೆರಳಲ್ಲೇ ಒಣಗಿತು.

‘ಅವತ್ತು ನಾನು ನಿನ್ನನ್ನ ಕೇಳಬಾರದಿತ್ತು. ಕಪಾಟು ನೋಡಬೇಕಿತ್ತು’ ಎಂದರು.

‘ಸರ್, ಕೇಳಿದ್ದು ನೀವು. ಉತ್ತರ ಕೊಟ್ಟದ್ದು ನಾನು’ ಎಂದೆ.

‘ಇಬ್ಬರೂ ಸೇರಿ ಒಬ್ಬಳನ್ನ ಮುಗಿಸಿದ್ವಿ ಅನ್ನು.’

‘ಅವಳು ಮುಗೀಲಿಲ್ಲ ಸರ್. ಒಂಬತ್ತು ಜನರನ್ನ ಉಳಿಸಿದಾಳೆ.’

ನೀನು ಯಾರಿಗೂ ಹೇಳದ ಮಾತನ್ನು ನಾನು ಹೇಳಿಬಿಟ್ಟೆ, ಹೊಟ್ಟೆಗೆ ಹಾಕಿಕೋ. ಅವರು ಪೆನ್ನು ತರಿಸಿ ಅಲ್ಲೇ ಸಭೆಗೆ ಪತ್ರ ಬರೆದರು, ತಪ್ಪು ತಮ್ಮದೂ ಹೌದೆಂದು. ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಿನ್ನ ಕಡತದಲ್ಲಿದ್ದ ಟಿಪ್ಪಣಿ ತೆಗೆದುಹಾಕಿದ್ದಾರೆ. ತೆಗೆದಿದ್ದೇವೆ ಎಂಬ ಪತ್ರ ಸಂಸ್ಥೆಯಿಂದಲೇ ಬರುತ್ತದೆ. ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅದನ್ನು ಓದಿದಾಗ ನನಗೆ ಹಗುರಾಯಿತು, ವಿಚಿತ್ರ ನೋಡು. ಪ್ರಬಂಧದಲ್ಲಿ ನಿನ್ನ ಹೆಸರು ಮೊದಲು. ವಾದ ಮಾಡಬೇಡ, ಕಳಿಸಿಯಾಗಿದೆ.

ಇನ್ನೊಂದು. ಹೊಸ ಕಟ್ಟಡದಲ್ಲಿ ಒಂದು ಹುದ್ದೆ ಇದೆ. ನೀನು ಅದಕ್ಕೆ ಬರುತ್ತೀಯಾ ಎಂದು ಕೇಳಲು ಎಲ್ಲರೂ ಒಪ್ಪಿದ್ದಾರೆ. ಬರದಿದ್ದರೂ ಒಂದು ದಿನ ಬಾ. ಸೀಸೆಯಲ್ಲಿ ಇನ್ನೊಂದು ಪ್ರಯೋಗಕ್ಕಾಗುವಷ್ಟು ಉಳಿಸಿದ್ದೇನೆ. ನನ್ನ ಕೈ ಮುಟ್ಟಿಲ್ಲ.

ನಿನ್ನ,
ಕಡ್ಡಿ

*

ಜೂನ್ ೧೬

ಪ್ರಿಯ ಕಡ್ಡಿ,

ನಿನ್ನೆ ನಿನ್ನ ಲ್ಯಾಬಿನಿಂದ ಹೊರಟವಳು ಮನೆ ತಲುಪಿದಳಾ ಎಂದು ನೀನು ಮೂರು ಸಲ ವಿಚಾರಿಸಿದ್ದೀಯಂತೆ, ಅತ್ತಿಗೆ ಹೇಳಿದಳು. ತಲುಪಿದೆ. ಹೇಗೆ ತಲುಪಿದೆ ಎಂಬುದನ್ನು ಬರೆದೇ ಹೇಳಬೇಕೆನ್ನಿಸಿತು. ಅಭ್ಯಾಸವಾಗಿಬಿಟ್ಟಿದೆ.

ಮೊದಲು ಕೆಲಸದ ವಿಷಯ. ನಿನ್ನ ಮುಂದೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ನೀನು ಆ ಖಾಲಿ ಮೇಜನ್ನು ಅಷ್ಟು ಒರೆಸಿಟ್ಟಿದ್ದೆ. ಈಗ ಹೇಳುತ್ತೇನೆ, ನಾನು ಬರುವುದಿಲ್ಲ. ಕೋಪಕ್ಕಲ್ಲ, ಬಿಗುಮಾನಕ್ಕೂ ಅಲ್ಲ. ನನ್ನ ನೀರಿನ ಕೋಣೆ ನನಗೆ ಇಷ್ಟ. ಬೆಳಿಗ್ಗೆ ಪಂಪು ಹಾಕಿದಾಗ ಪೈಪುಗಳು ಒಂದೊಂದಾಗಿ ಗುಂಯ್ ಎನ್ನುತ್ತವೆ, ಯಾವುದು ಸ್ವರ ತಪ್ಪಿದರೂ ನನಗೆ ಗೊತ್ತಾಗುತ್ತದೆ. ಅದು ಬೇರೆ ದಾರಿಯಿಲ್ಲದೆ ಹಿಡಿದ ಕೆಲಸ ಎಂದು ಇಷ್ಟು ವರ್ಷ ಗೊಣಗುತ್ತಿದ್ದೆ. ನಿನ್ನೆ ಇನ್ನೊಂದು ದಾರಿ ತೆರೆದು ನಿಂತಾಗ ಗೊತ್ತಾಯಿತು, ಇದನ್ನೇ ನಾನು ಆರಿಸಿಕೊಳ್ಳುತ್ತೇನೆ. ಶನಿವಾರ ಮಧ್ಯಾಹ್ನ ಬೇಕಾದರೆ ಬರುತ್ತೇನೆ, ನಿನ್ನ ಲ್ಯಾಬಿನ ಹುಡುಗಿಯರಿಗೆ ಹನಿ ಎಣಿಸುವುದು ಹೇಗೆ ಎಂದು ಕಲಿಸಲು. ಅವರೂ ನಿನ್ನ ಹಾಗೆ ಸುರಿಯುತ್ತಾರೆ.

ಸೀಸೆಯ ಉಳಿದ ದ್ರವದಿಂದ ಹುಡುಗಿಯರು ಮೊದಲೇ ತಯಾರಿಸಿಟ್ಟ ಅಣುವಿಗೆ ನಿನ್ನೆ ಗೆರೆ ಎದ್ದಾಗ ನೀನು ಚಪ್ಪಾಳೆ ಹೊಡೆದೆ. ನಾನು ಹೊಡೆಯಲಿಲ್ಲ ಎಂದು ನಿನಗೆ ಬೇಸರವಾಯಿತೇನೋ. ಕಣ್ಣು ಮಿಟುಕಿಸಿದರೆ ಗೆರೆ ಮತ್ತೆ ಮಲಗಿಬಿಡುತ್ತದೆ ಎಂಬ ಹೆದರಿಕೆ ನನಗೆ. ಸೆಕೆಂಡಿನ ಒಂದು ಚೂರಿನೊಳಗೆ ಎಲ್ಲ ಮುಗಿದಿತ್ತು. ನಾನು ಮಾತ್ರ ಇನ್ನೂ ನೋಡುತ್ತಾ ನಿಂತಿದ್ದೆ.

ಪ್ರಬಂಧದ ಪ್ರತಿಯನ್ನು ಇವತ್ತು ಬೆಳಿಗ್ಗೆ ಅಣ್ಣನ ಕುರ್ಚಿಯ ಪಕ್ಕ ಕೂತು ಓದಿ ಹೇಳಿದೆ. ಸೂಜಿ ಚುಚ್ಚಿಸಿಕೊಂಡು ಕೇಳಿದ.

‘ಇದರಿಂದ ನನಗೇನು ಲಾಭ?’

‘ಈಗೇನೂ ಇಲ್ಲ. ಹತ್ತು ಹದಿನೈದು ವರ್ಷ ಬಿಟ್ಟು ನಿನ್ನ ನೀರು ಇಂಥ ಕೊಳವೆಯಲ್ಲಿ ಸೋಸಿ ಬರಬಹುದು.’

‘ಹಾಗಾದ್ರೆ ಅಲ್ಲಿವರೆಗೂ ಇರಲೇಬೇಕು ಅನ್ನು. ನಿಮ್ಮ ಜಗಳದಲ್ಲಿ ನನಗೆ ಕೆಲಸ ಹೆಚ್ಚಾಯ್ತು.’

ಪಕ್ಕದ ಕುರ್ಚಿಯ ಅಜ್ಜಿ ನಕ್ಕ ರಭಸಕ್ಕೆ ಅವರ ಯಂತ್ರ ಕೂಗಿಕೊಂಡಿತು. ಹಿರಿಯ ನರ್ಸ್ ಓಡಿಬಂದು ನನ್ನನ್ನೇ ಗದರಿದರು. ಆಮೇಲೆ ಪ್ರತಿಯನ್ನು ಕಿತ್ತುಕೊಂಡು ನನ್ನ ಹೆಸರಿರುವ ಕಡೆ ಬೆರಳಿಟ್ಟು ಇಡೀ ವಿಭಾಗಕ್ಕೆ ತೋರಿಸಿಕೊಂಡು ಬಂದರು. ಡಾಕ್ಟರಿಗೆ ಎರಡು ಸಲ.

ಈಗ ನಿನ್ನೆಯ ಮಾತು. ನಾವಿಬ್ಬರೂ ಇಡೀ ದಿನ ಒಟ್ಟಿಗಿದ್ದೆವು. ಎಷ್ಟೆಲ್ಲ ಹರಟಿದೆವು, ಮಂಡಿ ನೋವು, ಕನ್ನಡಕದ ನಂಬರು, ಯಜಮಾನರ ಕಪಾಟು. ಆದರೆ ಕ್ಷಮಿಸು ಎಂದು ನೀನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನೀನು ಬಸ್ಸಿನವರೆಗೆ ಬಂದೆ. ಹೇಳುತ್ತೀ ಎಂದು ನಾನು ಕಾದೆ, ನಾನು ಹೇಳುತ್ತೇನೆಂದು ನೀನು ಕಾದಿರಬೇಕು. ಬಸ್ಸು ಬಂತು. ನೀನು, ‘ಕಿಟಕಿ ಹತ್ರ ಕೂತ್ಕೋ’ ಎಂದೆ. ಕೂತೆ.

ನಾನು ಬಸ್ಸಿನಲ್ಲಿ ನಿದ್ದೆ ಮಾಡುವವಳಲ್ಲ. ಆಸ್ಪತ್ರೆಗೆ ಹೋಗುವಾಗ ನೀರಿನ ಯೋಚನೆ, ಬರುವಾಗ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ, ಎರಡೂ ಇಲ್ಲದಿದ್ದರೆ ನಿನ್ನ ಜೊತೆ ಮನಸ್ಸಿನಲ್ಲೇ ಜಗಳ. ಆ ಜಗಳದಲ್ಲಿ ಹೊಸ ಹೊಸ ಉತ್ತರ ಹೊಳೆಯುತ್ತಿತ್ತು, ಅದಕ್ಕೇ ಕಣ್ಣು ಮುಚ್ಚುತ್ತಿರಲಿಲ್ಲ. ನಿನ್ನೆ ಮೊದಲ ತಿರುವು ದಾಟಿದ್ದಷ್ಟೇ ನೆನಪು. ಭುಜ ಯಾರೋ ಅಲ್ಲಾಡಿಸಿದಂತಾಯಿತು. ಕಂಡಕ್ಟರ್ ಮುಂದೆ ನಿಂತಿದ್ದ.

‘ಅಮ್ಮಾ, ಕೊನೇ ಸ್ಟಾಪ್. ಎಲ್ಲಿ ಇಳೀಬೇಕಿತ್ತು?’

ಹೇಳಿದೆ.

‘ಅದು ಹೋಗಿ ಮುಕ್ಕಾಲು ಗಂಟೆ ಆಯ್ತಲ್ಲಮ್ಮಾ! ಹುಷಾರಾಗಿದ್ದೀರಾ?’

ಬಸ್ಸು ಪೂರ್ತಿ ಖಾಲಿ. ಹೊರಗೆ ಇನ್ನೂ ಬಿಸಿಲಿತ್ತು. ‘ಹುಷಾರಾಗಿದ್ದೀನಿ ಕಣಪ್ಪಾ’ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಅದೇ ಬಸ್ಸು ಹತ್ತು ನಿಮಿಷ ಬಿಟ್ಟು ವಾಪಸು ಹೊರಡುತ್ತದೆ, ಕೂತೇ ಇರಿ ಎಂದ.

ನಾನು ಕೂತೇ ಇದ್ದೆ. ಬಸ್ಸು ಹೊರಡುವ ಮುಂಚೆಯೇ ಮತ್ತೆ ನಿದ್ದೆ ಬಂತು.

ನಿನ್ನ,
ಜರಡಿ